ವಿಶ್ವಬ್ಯಾಂಕಿನ ಸಾಲ ಪೂರ್ತಿ ತೀರಿತಾ, ಇಲ್ಲ ದೇಶವನ್ನೇ ಅಡವಿಟ್ಟರಾ?

ಓದುಗರ ಪತ್ರ: ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ವಾರ ಎರಡು ಮೆಸೇಜ್ ಬಂದವು. ‘ಭಾರತ ವಿಶ್ವಬ್ಯಾಂಕಿನ ಸಾಲ ಪೂರ್ತಿ ತೀರಿಸಿದೆ, 2015ರಿಂದ ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ’ ಅಂತ ಒಂದು. ‘ದೇಶವನ್ನು ವಿದೇಶಿಯರಿಗೆ ಅಡವಿಟ್ಟಿದ್ದಾರೆ, ಹುಟ್ಟುವ ಪ್ರತಿ ಮಗುವಿನ ತಲೆ ಮೇಲೆ 43 ಸಾವಿರ ರೂಪಾಯಿ ವಿದೇಶಿ ಸಾಲವಿದೆ’ ಅಂತ ಇನ್ನೊಂದು. ಇದೇ ವಿಷಯಕ್ಕೆ ನನ್ನ ತಮ್ಮನಿಗೂ ಅಳಿಯನಿಗೂ ಜಗಳವಾಗಿ ಈಗ ಮಾತೇ ಇಲ್ಲ. ಯಾವುದು ನಿಜ? ನಮ್ಮ ಚಿನ್ನ ಇನ್ನೂ ಲಂಡನ್‌ನಲ್ಲಿ ಒತ್ತೆ ಇದೆಯಾ? ಶ್ರೀಲಂಕಾಕ್ಕೆ ಬಂದ ಗತಿ ನಮಗೂ ಬರುತ್ತಾ? ಪತ್ರಿಕೆಯವರು ಇದನ್ನೆಲ್ಲ ನೋಡಿಕೊಂಡು ಯಾಕೆ ಸುಮ್ಮನಿದ್ದೀರಿ?

ಸಂಪಾದಕರ ಉತ್ತರ:

ಮಾನ್ಯರೇ,

ಎರಡು ಮೆಸೇಜೂ ಸುಳ್ಳು. ನಿಮ್ಮ ತಮ್ಮ ಮತ್ತು ಅಳಿಯ ಇಬ್ಬರಿಗೂ ಇದನ್ನು ತೋರಿಸಿ. ಸೋತವರು ಯಾರೂ ಇಲ್ಲ, ಇಬ್ಬರಿಗೂ ಮೋಸವಾಗಿದೆ, ಅಷ್ಟೆ.

ಮೊದಲ ಮೆಸೇಜನ್ನು ನೋಡೋಣ. ವಿಶ್ವಬ್ಯಾಂಕಿನಿಂದ ಭಾರತ ಮೊದಲ ಸಾಲ ತೆಗೆದುಕೊಂಡಿದ್ದು 1949ರಲ್ಲಿ, ರೈಲ್ವೆಗಾಗಿ, 3.4 ಕೋಟಿ ಡಾಲರ್. ಅಲ್ಲಿಂದ ಇಲ್ಲಿಯವರೆಗೆ ಯಾವ ಪಕ್ಷದ ಸರ್ಕಾರ ಬಂದರೂ ಈ ವ್ಯವಹಾರ ನಿಂತಿಲ್ಲ. ‘ಸಾಲವೇ ಇಲ್ಲ’ ಅಂತ ಮೆಸೇಜ್ ಹೇಳುವ 2015ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ವರ್ಷ ಡಿಸೆಂಬರಿನಲ್ಲಿ ಹಳ್ಳಿಗಳ ಸ್ವಚ್ಛ ಭಾರತ ಕೆಲಸಕ್ಕೆಂದು ವಿಶ್ವಬ್ಯಾಂಕ್ 150 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಕೊಟ್ಟಿತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಶುರುವಾದ ಹೊತ್ತಿನಲ್ಲಿ, ಆಸ್ಪತ್ರೆ ಮತ್ತು ಪರೀಕ್ಷೆಯ ವ್ಯವಸ್ಥೆಗೆ 100 ಕೋಟಿ ಡಾಲರ್ ಬಂತು. ಅಂತರ್ಜಲ ಉಳಿಸುವ ಅಟಲ್ ಭೂಜಲ ಯೋಜನೆ 6,000 ಕೋಟಿ ರೂಪಾಯಿಯದು. ಅದರಲ್ಲಿ ಅರ್ಧ ಹಣ ವಿಶ್ವಬ್ಯಾಂಕಿನ ಸಾಲ. ಆ ಯೋಜನೆಯ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಹಾಗಾದರೆ ಈ ಸುಳ್ಳು ಎಲ್ಲಿಂದ ಹುಟ್ಟಿತು? ಪಕ್ಕದಲ್ಲೇ ಒಂದು ನಿಜವಿದೆ. ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ, ಬೇರೆ ಸಂಸ್ಥೆ. ಅಲ್ಲಿಂದ ಭಾರತ 1993ರ ನಂತರ ಸಾಲ ಕೇಳಿಲ್ಲ. ಹಳೆಯದೆಲ್ಲ 2000ದ ಮೇ ತಿಂಗಳಿಗೆ ತೀರಿತು. ಎರಡೂ ಸಂಸ್ಥೆಗಳ ಕಚೇರಿ ವಾಷಿಂಗ್ಟನ್‌ನಲ್ಲೇ ಇದೆ, ಹುಟ್ಟಿದ್ದೂ 1944ರ ಒಂದೇ ಸಮ್ಮೇಳನದಲ್ಲಿ. ಒಂದರ ಸುದ್ದಿಯನ್ನು ಇನ್ನೊಂದಕ್ಕೆ ಅಂಟಿಸುವುದು ಸುಲಭ. ಆದರೆ ಎರಡರ ಕೆಲಸ ಬೇರೆ ಬೇರೆ. ವಿದೇಶಿ ಹಣ ಬರಿದಾಗಿ ಕಷ್ಟಕ್ಕೆ ಬಿದ್ದ ದೇಶ ಐಎಂಎಫ್ ಬಾಗಿಲು ತಟ್ಟುತ್ತದೆ. ವಿಶ್ವಬ್ಯಾಂಕಿನ ಸಾಲ ರಸ್ತೆ, ನೀರು, ಶಾಲೆಯಂಥ ಕೆಲಸಗಳಿಗೆ. ಅದನ್ನು ತೆಗೆದುಕೊಂಡರೆ ದೇಶಕ್ಕೆ ಅವಮಾನ ಅಂತ ಯಾಕೆ ಅಂದುಕೊಳ್ಳಬೇಕು? ಸಾಲವೇ ಇಲ್ಲ ಅಂತ ಹೊಗಳುವವರನ್ನು ಕಂಡರೆ ನನಗೆ ಹೆಚ್ಚು ಚಿಂತೆಯಾಗುತ್ತದೆ. ಸಾಲವೇ ಇಲ್ಲ ಅಂದಮೇಲೆ ಆ ಹಣ ಎಲ್ಲಿ ಖರ್ಚಾಯಿತು ಅಂತ ಯಾರೂ ಕೇಳುವುದಿಲ್ಲ. ಅಂತರ್ಜಲಕ್ಕೆಂದು ತಂದ ಸಾಲದಿಂದ ನಿಮ್ಮ ತಾಲ್ಲೂಕಿನ ಬೋರ್‌ವೆಲ್‌ಗಳಲ್ಲಿ ನೀರು ಏರಿತೋ ಇಲ್ಲವೋ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಆ ಮೆಸೇಜ್ ಅದನ್ನು ಬಾಯಿಗೇ ಬರದ ಹಾಗೆ ಮಾಡುತ್ತದೆ.

ಈಗ ಎರಡನೆಯದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಇದರಲ್ಲಿರುವ ಅಂಕಿ ಸುಳ್ಳಲ್ಲ, ಅದಕ್ಕೆ ಕೊಟ್ಟ ಅರ್ಥ ಸುಳ್ಳು.

ರಿಸರ್ವ್ ಬ್ಯಾಂಕಿನ ಲೆಕ್ಕದಂತೆ 2025ರ ಮಾರ್ಚ್ ಕೊನೆಗೆ ಭಾರತದ ವಿದೇಶಿ ಸಾಲ 736.3 ಬಿಲಿಯನ್ ಡಾಲರ್, ಅಂದರೆ 73,630 ಕೋಟಿ ಡಾಲರ್. ಇದನ್ನು ರೂಪಾಯಿಗೆ ತಂದು, ನೂರ ನಲವತ್ತು ಕೋಟಿ ಚಿಲ್ಲರೆ ಜನಕ್ಕೆ ಹಂಚಿದರೆ ತಲೆಗೆ 43 ಸಾವಿರದ ಹತ್ತಿರ ಬರುತ್ತದೆ. ಭಾಗಾಕಾರ ಸರಿಯಾಗಿದೆ. ಆದರೆ ಈ ಸಾಲ ಯಾರದು?

ಓದಿದವರೂ ಎಡವುವುದು ಇಲ್ಲೇ. ‘ಭಾರತದ ವಿದೇಶಿ ಸಾಲ’ ಅಂದರೆ ‘ಭಾರತ ಸರ್ಕಾರದ ಸಾಲ’ ಅಲ್ಲ. ಈ ದೇಶದಲ್ಲಿರುವ ಯಾರೇ ಹೊರಗಿನವರಿಗೆ ಕೊಡಬೇಕಾದ ಹಣವೆಲ್ಲ ಈ ಲೆಕ್ಕದಲ್ಲಿ ಸೇರುತ್ತದೆ. ಅದರಲ್ಲಿ ಶೇ. 35.5 ಕಂಪನಿಗಳದ್ದು. ಶೇ. 27.5 ಬ್ಯಾಂಕುಗಳದ್ದು. ಸರ್ಕಾರದ ಪಾಲು ಶೇ. 22.9, ಅಂದರೆ ಕಾಲು ಭಾಗಕ್ಕಿಂತ ಕಡಿಮೆ. ಒಂದು ಖಾಸಗಿ ಕಂಪನಿ ಸಿಂಗಪುರದ ಬ್ಯಾಂಕಿನಿಂದ ಸಾಲ ಎತ್ತಿದರೆ ಅದನ್ನು ಕಟ್ಟಬೇಕಾದದ್ದು ಆ ಕಂಪನಿ. ನಿಮ್ಮ ಮೊಮ್ಮಗು ಅಲ್ಲ.

ಬ್ಯಾಂಕುಗಳ ಪಾಲಿನ ಕಥೆ ಇನ್ನೂ ಸ್ವಾರಸ್ಯ. ದುಬೈನಲ್ಲಿ ದುಡಿಯುವ ನಮ್ಮೂರ ಹುಡುಗನೊಬ್ಬ ಇಲ್ಲಿನ ಬ್ಯಾಂಕಿನ ಎನ್‌ಆರ್‌ಇ ಖಾತೆಯಲ್ಲಿ, ಅಂದರೆ ಅನಿವಾಸಿ ಭಾರತೀಯರಿಗೆಂದೇ ಇರುವ ಖಾತೆಯಲ್ಲಿ, ಹಣ ಇಡುತ್ತಾನೆ ಅಂದುಕೊಳ್ಳಿ. ಅವನ ಅಮ್ಮನ ಕಣ್ಣಿಗೆ ಅದು ಮಗನ ಉಳಿತಾಯ. ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಅದು ವಿದೇಶಿ ಸಾಲ! ಯಾಕೆಂದರೆ ಹೊರಗೆ ನೆಲೆಸಿರುವ ಒಬ್ಬರಿಗೆ ಇಲ್ಲಿನ ಬ್ಯಾಂಕ್ ಆ ಹಣ ವಾಪಸ್ ಕೊಡಬೇಕು. ಅನಿವಾಸಿ ಭಾರತೀಯರ ಇಂಥ ಠೇವಣಿಗಳೇ 16,000 ಕೋಟಿ ಡಾಲರ್ ದಾಟಿವೆ. ದೇಶವನ್ನು ಅಡವಿಟ್ಟ ಲೆಕ್ಕ ಅಂತ ನಿಮಗೆ ಬಂದ ಮೆಸೇಜಿನಲ್ಲಿ ಈ ಹುಡುಗರ ಬೆವರಿನ ಹಣವೂ ಸೇರಿದೆ ಅಂತ ಅಳಿಯನಿಗೆ ಹೇಳಿ ನೋಡಿ.

ಇನ್ನು ಯಾವ ಹಣದಲ್ಲಿ ವಾಪಸ್ ಕೊಡಬೇಕು ಅನ್ನುವುದು. ಮೊತ್ತಕ್ಕಿಂತ ಇದು ಮುಖ್ಯ ಅಂತ ನನಗನ್ನಿಸುತ್ತದೆ. ಒಟ್ಟು ವಿದೇಶಿ ಸಾಲದಲ್ಲಿ ಶೇ. 54ರಷ್ಟು ಡಾಲರಿನಲ್ಲಿದೆ. ಶೇ. 31ರಷ್ಟು ರೂಪಾಯಿಯಲ್ಲೇ ಇದೆ. ರೂಪಾಯಿ ಸಾಲ ತೀರಿಸಲು ಸಾಲಗಾರ ಡಾಲರ್ ಹುಡುಕಿಕೊಂಡು ಅಲೆಯಬೇಕಿಲ್ಲ. ರೂಪಾಯಿ ಬೆಲೆ ಬಿದ್ದರೆ ನಷ್ಟ ಸಾಲ ಕೊಟ್ಟವನಿಗೆ.

ಸರ್ಕಾರ ಹೊರಗಿನಿಂದ ತರುವ ಸಾಲ ಎಂಥದ್ದು ಅಂತ ಒಂದು ಉದಾಹರಣೆ ನೋಡಿ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಜಪಾನ್ ಸರ್ಕಾರದ ಸಂಸ್ಥೆ ಜೈಕಾ ಕೊಡಲು ಒಪ್ಪಿದ್ದು ಸುಮಾರು 88,000 ಕೋಟಿ ರೂಪಾಯಿ. ಬಡ್ಡಿ ವರ್ಷಕ್ಕೆ ಶೇ. 0.1. ತೀರಿಸಲು 50 ವರ್ಷ, ಅದರಲ್ಲಿ ಮೊದಲ 15 ವರ್ಷ ಅಸಲು ಕಟ್ಟಬೇಕಿಲ್ಲ. ಕೇಳಲು ಬಲು ಸೊಗಸು ಅಲ್ವಾ? ಆದರೆ ವಾಪಸ್ ಕೊಡಬೇಕಾದದ್ದು ಯೆನ್‌ನಲ್ಲಿ. 50 ವರ್ಷದಲ್ಲಿ ಯೆನ್ ಬೆಲೆ ರೂಪಾಯಿ ಎದುರು ಎಷ್ಟು ಏರುತ್ತದೆ ಅನ್ನುವುದರ ಮೇಲೆ ಈ ಸಾಲ ಅಗ್ಗವೋ ದುಬಾರಿಯೋ ಅಂತ ತೀರ್ಮಾನವಾಗುತ್ತದೆ. ಈ ಯೋಜನೆ ಬೇಕಿತ್ತಾ ಅಂತ ಯಾರಾದರೂ ಜಗಳ ಮಾಡಿದರೆ ಆ ಜಗಳಕ್ಕೆ ಅರ್ಥವಿದೆ. ‘ಜಪಾನಿಗೆ ದೇಶ ಮಾರಿದರು’ ಅನ್ನುವ ಜಗಳಕ್ಕೆ ಇಲ್ಲ.

‘ಅಡವಿಟ್ಟಿದ್ದಾರೆ’ ಅನ್ನುವ ಮಾತಿಗೆ ಬರುತ್ತೇನೆ. ಮನೆಯ ಒಡವೆ ಒಯ್ದು ಗಿರವಿ ಅಂಗಡಿಯಲ್ಲಿಟ್ಟ ಹಾಗೆ ದೇಶವೂ ಭೂಮಿ, ಅಣೆಕಟ್ಟು, ಬಂದರುಗಳ ಪತ್ರ ಕೊಟ್ಟು ಸಾಲ ತರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ವಿಶ್ವಬ್ಯಾಂಕ್ ಸರ್ಕಾರಗಳಿಗೆ ಕೊಡುವ ಸಾಲಕ್ಕೆ ಯಾವ ಆಸ್ತಿಯನ್ನೂ ಅಡವು ಇಟ್ಟುಕೊಳ್ಳುವುದಿಲ್ಲ. ಅದರ ಷರತ್ತು ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ನಿಮ್ಮ ಸಾರ್ವಜನಿಕ ಆಸ್ತಿಯನ್ನು ಸಾಲ ಕೊಡುವ ಹೊರಗಿನ ಬೇರೆಯವರಿಗೆ ಅಡವಿಟ್ಟು, ಅವರಿಗೆ ನಮಗಿಂತ ಮೊದಲ ಹಕ್ಕು ಸಿಗುವ ಹಾಗೆ ಮಾಡಬೇಡಿ ಅನ್ನುತ್ತದೆ. ಕೇಂದ್ರ ಸರ್ಕಾರದ ಸಾಲಕ್ಕೆ ಆಧಾರ ಭಾರತದ ಸಂಚಿತ ನಿಧಿ, ಅಂದರೆ ಸರ್ಕಾರದ ಆದಾಯ. ಸಂವಿಧಾನದ 292ನೇ ವಿಧಿ ಹೇಳುವುದು ಅದನ್ನೇ. ಮುಂದಿನ 293ನೇ ವಿಧಿಯ ಪ್ರಕಾರ ರಾಜ್ಯಗಳು ಸಾಲ ಮಾಡಬಹುದಾದದ್ದು ಭಾರತದ ಒಳಗೆ ಮಾತ್ರ. ರಾಜ್ಯ ಸರ್ಕಾರಕ್ಕೆ ವಿದೇಶಿ ಸಾಲ ಬೇಕಾದರೆ ಅದು ಕೇಂದ್ರದ ಮೂಲಕವೇ ಬರಬೇಕು. ‘ಆ ಮುಖ್ಯಮಂತ್ರಿ ರಾಜ್ಯವನ್ನು ವಿಶ್ವಬ್ಯಾಂಕಿಗೆ ಬರೆದುಕೊಟ್ಟರು’ ಅಂತ ಯಾರ ಬಗ್ಗೆ ಮೆಸೇಜ್ ಬಂದರೂ ಇದು ನೆನಪಿರಲಿ.

ಚಿನ್ನದ ವಿಷಯ ಕೇಳಿದ್ದೀರಿ. ಒತ್ತೆ ಇಟ್ಟಿದ್ದು ನಿಜ. 1991ರಲ್ಲಿ ನಮ್ಮ ಹತ್ತಿರ ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ವಿದೇಶಿ ಹಣ ಉಳಿದಿತ್ತು. ಮೊದಲು ಸ್ಟೇಟ್ ಬ್ಯಾಂಕ್ ಮೂಲಕ 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಕಳಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 40 ಕೋಟಿ ಡಾಲರ್ ತಂದಿತು. ಆ ಕಾಲವನ್ನು ಕಂಡವರಿಗೆ ಅದು ಇಂದಿಗೂ ನೋವಿನ ನೆನಪು. ಆದರೆ ಆ ಸಾಲ ಅದೇ ವರ್ಷ ತೀರಿ, ಚಿನ್ನದ ಒತ್ತೆ ಬಿಟ್ಟುಹೋಯಿತು. ಆಮೇಲೂ ಚಿನ್ನ ಲಂಡನ್‌ನಲ್ಲೇ ಇದ್ದದ್ದು ಭದ್ರತೆಗೆ ಮತ್ತು ವ್ಯವಹಾರದ ಅನುಕೂಲಕ್ಕೆ. ಎಷ್ಟೋ ದೇಶಗಳು ಹಾಗೇ ಇಡುತ್ತವೆ. 2023–24ರಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 100 ಟನ್ ಚಿನ್ನವನ್ನು ಅಲ್ಲಿಂದ ಇಲ್ಲಿನ ತಿಜೋರಿಗೆ ತಂದಿತು. ಕೂಡಲೇ ‘1991ರ ಒತ್ತೆ ಈಗ ಬಿಡಿಸಿಕೊಂಡರು’ ಅಂತ ಮೆಸೇಜ್ ಹರಡಿತು. ಬಿಡಿಸಲು ಒತ್ತೆಯೇ ಇರಲಿಲ್ಲ. ತಂದಿದ್ದು ನಮ್ಮದೇ ಚಿನ್ನ, ಒಂದು ತಿಜೋರಿಯಿಂದ ಇನ್ನೊಂದಕ್ಕೆ. 2024ರ ಮಾರ್ಚ್ ಕೊನೆಗೆ ಒಟ್ಟು 822 ಟನ್ ಇತ್ತು, ಅದರಲ್ಲಿ 408 ಟನ್ ದೇಶದೊಳಗೆ.

ಇಂಥದ್ದೇ ಇನ್ನೊಂದು, ಇರಾನ್ ಸಾಲದ ಮೆಸೇಜ್. ಇರಾನಿಗೆ ಹಿಂದಿನ ಸರ್ಕಾರ ಮಾಡಿದ್ದ ಸಾಲ ತೀರಿಸುತ್ತಿರುವುದರಿಂದಲೇ ಪೆಟ್ರೋಲ್ ದುಬಾರಿ ಅನ್ನುತ್ತದೆ ಅದು. ಎರಡು ಬೇರೆ ಬೇರೆ ನಿಜಗಳನ್ನು ಹೊಲಿದು ಮಾಡಿದ ಸುಳ್ಳು ಅದು. ಅಮೆರಿಕದ ನಿರ್ಬಂಧದಿಂದ ಇರಾನಿಗೆ ಹಣ ಕಳಿಸುವ ದಾರಿ ಮುಚ್ಚಿ, ನಮ್ಮ ತೈಲ ಸಂಸ್ಕರಣಾ ಕಂಪನಿಗಳು ಕೊಡಬೇಕಿದ್ದ 600 ಕೋಟಿ ಡಾಲರಿಗೂ ಹೆಚ್ಚು ಹಣ ಬಾಕಿ ಉಳಿದಿತ್ತು. ಮಂಗಳೂರಿನ ಎಂಆರ್‌ಪಿಎಲ್ ಕೂಡ ಅವುಗಳಲ್ಲೊಂದು. 2016ರಲ್ಲಿ ನಿರ್ಬಂಧ ಸಡಿಲವಾದ ಮೇಲೆ ಪಾವತಿಯಾಯಿತು. ಇನ್ನೊಂದು ನಿಜ, ತೈಲ ಬಾಂಡ್. ಅದು ಸರ್ಕಾರ ನಮ್ಮ ದೇಶದ ತೈಲ ಕಂಪನಿಗಳಿಗೇ ಕೊಟ್ಟ ಸಾಲಪತ್ರ. ಅದರಲ್ಲಿ ಇರಾನಿಗೆ ಬಿಡಿಗಾಸೂ ಸೇರಿಲ್ಲ.

ಶ್ರೀಲಂಕಾ ಬಗ್ಗೆ ನಿಮ್ಮ ಭಯ ಅರ್ಥವಾಗುತ್ತದೆ. ಅಲ್ಲಿನ ಜನ ಗ್ಯಾಸಿಗೆ, ಪೆಟ್ರೋಲಿಗೆ ದಿನಗಟ್ಟಲೆ ಸಾಲಿನಲ್ಲಿ ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ. 2022ರ ಏಪ್ರಿಲ್ 12ರಂದು ಆ ದೇಶ ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸಿತು. ಆದರೆ ಅಲ್ಲಿಯೂ ಕಥೆಯನ್ನು ತಿರುಚಿದ್ದಾರೆ. ಸಾಲ ಕಟ್ಟಲಿಲ್ಲ ಅಂತ ಚೀನಾ ಹಂಬನ್‌ತೋಟ ಬಂದರನ್ನು ಕಿತ್ತುಕೊಂಡಿತು ಅನ್ನುತ್ತಾರೆ. 2017ರಲ್ಲಿ ಆದದ್ದು ಗುತ್ತಿಗೆ. ಚೀನಾದ ಕಂಪನಿಗೆ 99 ವರ್ಷಕ್ಕೆ ಬಂದರು ಕೊಟ್ಟು, ಶ್ರೀಲಂಕಾ ಸುಮಾರು 112 ಕೋಟಿ ಡಾಲರ್ ಪಡೆಯಿತು. ಬಂದರಿಗಾಗಿ ಮಾಡಿದ್ದ ಸಾಲ ಅದರಿಂದ ರದ್ದಾಗಲಿಲ್ಲ. ಬಂದ ಡಾಲರ್ ಬೇಕಾಗಿದ್ದದ್ದು ಬೇರೆ ಸಾಲಗಳ ಒತ್ತಡಕ್ಕೆ. ಆ ದೇಶದ ಕತ್ತು ಹಿಸುಕಿದ್ದರಲ್ಲಿ ದೊಡ್ಡ ಪಾಲು ಜಾಗತಿಕ ಮಾರುಕಟ್ಟೆಯಲ್ಲಿ ಮಾರಿದ್ದ ಡಾಲರ್ ಬಾಂಡ್‌ಗಳದ್ದು, ಚೀನಾದ ಪಾಲಿಗಿಂತಲೂ ಹೆಚ್ಚು. 99 ವರ್ಷದ ಗುತ್ತಿಗೆ ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಅದು ನಿಜಕ್ಕೂ ಗಂಭೀರ. ಆದರೆ ಕಾರಣ ತಪ್ಪಾಗಿ ತಿಳಿದರೆ ಪಾಠವೂ ತಪ್ಪಾಗುತ್ತದೆ.

ಭಾರತ ಸರ್ಕಾರ ಇಂಥ ಡಾಲರ್ ಬಾಂಡನ್ನು ಹೊರಗಿನ ಮಾರುಕಟ್ಟೆಯಲ್ಲಿ ಮಾರಿಲ್ಲ. 2019ರ ಬಜೆಟ್‌ನಲ್ಲಿ ಮಾರುವ ಮಾತು ಬಂದು ಅಲ್ಲಿಗೇ ನಿಂತಿತು. ನಮ್ಮ ವಿದೇಶಿ ಹಣದ ಸಂಗ್ರಹ 2025ರ ಮಾರ್ಚ್ ಕೊನೆಗೆ 66,000 ಕೋಟಿ ಡಾಲರಿಗೂ ಹೆಚ್ಚಿತ್ತು. ಶ್ರೀಲಂಕಾದ ಹತ್ತಿರ ಆ ಏಪ್ರಿಲ್‌ನಲ್ಲಿ ಬಳಸಲು ಡಾಲರ್ ಹೆಚ್ಚುಕಡಿಮೆ ಖಾಲಿಯಾಗಿತ್ತು.

ಹಾಗಾದರೆ ನಿಶ್ಚಿಂತೆಯಿಂದ ಇರಬಹುದಾ? ಇಲ್ಲ. ಕೇಂದ್ರ ಸರ್ಕಾರದ ಸಾಲದಲ್ಲಿ ಶೇ. 90ಕ್ಕೂ ಹೆಚ್ಚು ದೇಶದೊಳಗಿನದ್ದು. ಕೊಟ್ಟವರು ನಮ್ಮ ಬ್ಯಾಂಕುಗಳು, ಎಲ್‌ಐಸಿಯಂಥ ವಿಮಾ ಕಂಪನಿಗಳು, ಪಿಎಫ್ ನಿಧಿಗಳು. ಅಂದರೆ ಬಹುಪಾಲು ನಿಮ್ಮದೇ, ನನ್ನದೇ ಉಳಿತಾಯ. 2025–26ರ ಬಜೆಟ್ ನೋಡಿ. 50.65 ಲಕ್ಷ ಕೋಟಿ ಖರ್ಚಿನಲ್ಲಿ 12.76 ಲಕ್ಷ ಕೋಟಿ ಬರೀ ಬಡ್ಡಿಗೆ. ನಾಲ್ಕು ರೂಪಾಯಿಯಲ್ಲಿ ಒಂದು. ಇದಕ್ಕೆ ಯಾವ ಗುಂಪಿನಲ್ಲೂ ಜಗಳ ನಡೆದದ್ದು ನಾನು ಕಂಡಿಲ್ಲ. ಖಳನಾಯಕ ಹೊರಗಿನವನಾದರೆ ಮಾತ್ರ ಮೆಸೇಜ್ ಓಡುತ್ತದೆ. ಬಡ್ಡಿಗೆ ಹೋದ ಆ ರೂಪಾಯಿ ಶಾಲೆಗೆ, ಆಸ್ಪತ್ರೆಗೆ ಸಿಗುವುದಿಲ್ಲ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ.

ಪತ್ರಿಕೆಯವರು ಯಾಕೆ ಸುಮ್ಮನಿದ್ದೀರಿ ಅಂತ ಕೇಳಿದ್ದೀರಿ. ಬಂದ ಪ್ರತಿ ಮೆಸೇಜಿನ ಹಿಂದೆ ಓಡಿದರೆ ಅದನ್ನು ನಾವೇ ಇನ್ನಷ್ಟು ಮನೆಗಳಿಗೆ ತಲುಪಿಸಿದ ಹಾಗಾಗುತ್ತದೆ. ಅದಕ್ಕೇ ಕೆಲವನ್ನು ಬಿಡುತ್ತೇವೆ. ಆದರೆ ಮನೆಯೊಳಗೆ ಮಾತು ಬಿಡುವ ಮಟ್ಟಕ್ಕೆ ಬಂದ ಮೇಲೆ ಉತ್ತರ ಕೊಡುವುದು ನಮ್ಮ ಕೆಲಸ.

ಮುಂದಿನ ಸಲ ಗುಂಪಿನಲ್ಲಿ ಇಂಥದ್ದು ಬಂದಾಗ ವಾದಕ್ಕೆ ಇಳಿಯಬೇಡಿ. ಈ ಸಾಲ ಯಾರದು, ಯಾರಿಗೆ ಕೊಡಬೇಕು, ಯಾವ ಹಣದಲ್ಲಿ, ಯಾವ ತಾರೀಕಿನ ಲೆಕ್ಕ ಇದು ಅಂತ ಕಳಿಸಿದವರನ್ನೇ ಕೇಳಿ. ಮಾರ್ಚ್ ಅಂತ್ಯದ ವಿದೇಶಿ ಸಾಲದ ಲೆಕ್ಕವನ್ನು ರಿಸರ್ವ್ ಬ್ಯಾಂಕ್ ಜೂನ್ ಕೊನೆಗೆ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ವಿಶ್ವಬ್ಯಾಂಕಿನ ವೆಬ್‌ಸೈಟಿನಲ್ಲಿ ಭಾರತದ ಯೋಜನೆಗಳ ಪಟ್ಟಿಯಿದೆ. ಯಾವ ಯೋಜನೆ, ಎಷ್ಟು ಡಾಲರ್, ಯಾವ ದಿನ ಒಪ್ಪಿಗೆಯಾಯಿತು ಎಲ್ಲ ಅದರಲ್ಲೇ ಇದೆ. ತಮ್ಮ ಮತ್ತು ಅಳಿಯ ಇಬ್ಬರೂ ಒಟ್ಟಿಗೆ ಕೂತು 2015ರ ನಂತರದ ಸಾಲಗಳನ್ನು ಅಲ್ಲೇ ಹುಡುಕಲಿ.

– ಸಂಪಾದಕ