ಕ್ಯಾನ್ವಾಸ್ ಮೇಲೆ ಬರೀ ತಾರೀಖು ಬರೆದರೆ ಅದು ಹೇಗೆ ಕಲೆ ಆಗುತ್ತದೆ?

ನೀವು ಹೇಳುತ್ತಿರುವ ಚಿತ್ರ ಆನ್ ಕವಾರಾ ಅನ್ನುವ ಕಲಾವಿದರದ್ದೇ ಇರಬೇಕು. ಒಂದೇ ಬಣ್ಣದ ಹಿನ್ನೆಲೆ, ನಡುವೆ ಬಿಳಿ ಅಕ್ಷರದಲ್ಲಿ ಅವತ್ತಿನ ತಾರೀಖು. ಮುಗೀತು. ಮೊದಲ ಸಲ ಫೋಟೊ ನೋಡಿದಾಗ ನಾನೂ 'ಇದನ್ನ ಯಾರು ಬೇಕಾದರೂ ಬರೀತಾರೆ' ಅಂದಿದ್ದೆ. ಅಂದ ತಪ್ಪಿಗೆ ಒಂದು ಭಾನುವಾರ ಬರೆಯೋಕೆ ಕೂತೆ.

ಕವಾರಾ ತಮಗೆ ತಾವೇ ಹಾಕಿಕೊಂಡ ನಿಯಮ ಇದು: ಆ ದಿನದ ಚಿತ್ರ ಆ ದಿನ ರಾತ್ರಿ ಹನ್ನೆರಡರೊಳಗೆ ಮುಗಿಯಬೇಕು. ಮುಗಿಯದಿದ್ದರೆ ನಾಶ ಮಾಡಬೇಕು. ಹಿನ್ನೆಲೆಗೆ ಬಣ್ಣದ ಮೇಲೆ ಬಣ್ಣ, ನಾಲ್ಕೈದು ಪದರ. ಅಕ್ಷರಕ್ಕೆ ಅಚ್ಚು ಇಲ್ಲ, ಸ್ಕೇಲ್ ಇಟ್ಟು ಗೆರೆ ಎಳೆದು ಕುಂಚದಲ್ಲೇ ತುಂಬಬೇಕು. ನಾನು ಎರಡನೇ ಪದರ ಒಣಗಲಿ ಅಂತ ಕಾಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಸೊನ್ನೆಯ ಅಂಚು ಎಷ್ಟು ತಿದ್ದಿದರೂ ಸೊಟ್ಟ. ಹನ್ನೆರಡು ಹೊಡೆದಾಗ ಇಸವಿಯ ಕೊನೆಯ ಎರಡು ಅಂಕಿ ಬಾಕಿ ಇದ್ದವು. ಹರಿದು ಹಾಕಿದೆ. ಹೊಟ್ಟೆ ಉರಿಯಿತು, ನಿಜ ಹೇಳಬೇಕಂದ್ರೆ.

ಅವರು ಇದನ್ನು 1966ರ ಜನವರಿ 4ರಂದು ನ್ಯೂಯಾರ್ಕಿನಲ್ಲಿ ಶುರು ಮಾಡಿದರು. ನಲವತ್ತು ವರ್ಷಕ್ಕೂ ಜಾಸ್ತಿ ಮಾಡಿದರು. ಹತ್ತಿರ ಹತ್ತಿರ ಮೂರು ಸಾವಿರ ಚಿತ್ರ, ನೂರಕ್ಕೂ ಹೆಚ್ಚು ಊರುಗಳಲ್ಲಿ. ಯಾವ ದೇಶದಲ್ಲಿ ಇದ್ದರೋ ಅಲ್ಲಿನ ಭಾಷೆಯಲ್ಲೇ ತಾರೀಖು. ಲಿಪಿ ರೋಮನ್ ಅಲ್ಲದಿದ್ದರೆ ಎಸ್ಪೆರಾಂಟೊ, ಅಂದರೆ ಯಾವ ದೇಶದ್ದೂ ಅಲ್ಲದ, ಎಲ್ಲರಿಗೂ ಆಗಲಿ ಅಂತ ಹೊಸದಾಗಿ ಕಟ್ಟಿದ ಭಾಷೆ. ಹುಟ್ಟಿದ್ದು ಜಪಾನಿನಲ್ಲಿ, ಆದರೆ ಅಲ್ಲಿ ಕೂತು ಬರೆದಾಗಲೂ ಎಸ್ಪೆರಾಂಟೊನೇ! ಪ್ರತಿ ಚಿತ್ರಕ್ಕೂ ರಟ್ಟಿನ ಡಬ್ಬಿ ಕೈಯಾರೆ ಮಾಡುತ್ತಿದ್ದರು. ಎಷ್ಟೋ ಡಬ್ಬಿಗಳ ಒಳಗೆ ಆ ಊರಿನ ಅವತ್ತಿನ ಪೇಪರಿನ ಹಾಳೆ ಇರುತ್ತದೆ. ಗೋಡೆಗೆ ಹಾಕಿದಾಗ ಆ ಸುದ್ದಿ ಕಾಣಿಸದೇ ಇರಬಹುದು, ತಾರೀಖು ಮಾತ್ರ ಕಾಣುತ್ತದೆ.

ನನಗೆ ಹಿಡಿಸುವುದು ಇದೇ. ಚಿತ್ರ ಏನೂ ಹೇಳುವುದಿಲ್ಲ. ತಾರೀಖು ನೋಡಿದ ತಕ್ಷಣ 'ಅವತ್ತು ನಾನೆಲ್ಲಿದ್ದೆ, ಏನು ಮಾಡ್ತಿದ್ದೆ' ಅಂತ ತಲೆ ತಾನಾಗಿ ಓಡುತ್ತದೆ, ಅಲ್ವಾ? ನೆನಪು ನಮ್ಮದು, ಅವರದ್ದು ಬರೀ ಕೊಕ್ಕೆ. ತಮ್ಮ ಬಗ್ಗೆ ಅವರು ಬಾಯಿ ಬಿಟ್ಟವರೇ ಅಲ್ಲ. ಸಂದರ್ಶನ ಇಲ್ಲ, ಫೋಟೊ ಇಲ್ಲ. ಕಲಾವಿದರ ಪರಿಚಯ ಬರೆಯುವ ಜಾಗದಲ್ಲಿ ಎಷ್ಟು ದಿನ ಬದುಕಿದ್ದೇನೆ ಅನ್ನುವ ಲೆಕ್ಕ ಮಾತ್ರ. 2014ರಲ್ಲಿ ತೀರಿಕೊಂಡ ಮೇಲೆ ಅದು 29,771 ದಿನಕ್ಕೆ ನಿಂತಿತು.

ಇದೆಲ್ಲ ಕಲೆ ಹೌದೋ ಅಲ್ಲವೋ ಅನ್ನುವ ವಾದಕ್ಕೆ ನಾನು ಬರಲ್ಲ. ಇಂಟರ್‌ನೆಟ್ಟಿನಲ್ಲಿ ನಿಮ್ಮ ಹುಟ್ಟಿದ ದಿನದ ಚಿತ್ರ ಇದೆಯಾ ಒಮ್ಮೆ ಹುಡುಕಿ ನೋಡಿ. ನಾನು ನನ್ನದನ್ನು ಹುಡುಕಿದೆ, ಸಿಗಲಿಲ್ಲ. ಅವರು ದಿನಾ ಬರೆಯುತ್ತಿರಲಿಲ್ಲ. ಅವತ್ತು ಕೂರಲೇ ಇಲ್ಲವೋ, ಕೂತು ಹನ್ನೆರಡು ಹೊಡೆಯಿತೋ, ಯಾರಿಗೆ ಗೊತ್ತು.