ಕತ್ತಿಗೆ ಸಿಗದ ಪ್ರೇತ

ಪ್ರಶ್ನೆ: ನಾನೊಂದು ಭಯಾನಕ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು 1850ರ ಲಂಡನ್ನಿನ ಒಂದು ನಾಟಕಶಾಲೆಯಲ್ಲಿ. ರಂಗದ ಮೇಲೆ ಪಾರದರ್ಶಕವಾದ ಪ್ರೇತವೊಂದು ಮೂಡುತ್ತದೆ. ನಾಯಕ ಬೀಸಿದ ಕತ್ತಿ ಅದರೊಳಗಿಂದ ಹಾದುಹೋಗುತ್ತದೆ. ಪ್ರೇತ ತನ್ನನ್ನು ಕೊಂದವನ ಹೆಸರನ್ನು ಕೂಗಿ ಹೇಳುತ್ತದೆ. ಇದು ರಂಗತಂತ್ರವೋ ನಿಜವಾದ ಪ್ರೇತವೋ ಎಂಬ ಅನುಮಾನ ಓದುಗರಲ್ಲಿ ಉಳಿಯಬೇಕು. ಆ ಕಾಲಕ್ಕೆ ಈ ದೃಶ್ಯ ಹೊಂದುತ್ತದೆಯೇ?

ಉತ್ತರ: ಪ್ರೇತದ ಬಗ್ಗೆ ನನ್ನ ತಕರಾರಿಲ್ಲ, ತಕರಾರಿರುವುದು ಇಸವಿಯ ಬಗ್ಗೆ. ನೀವು ಬಣ್ಣಿಸಿರುವುದು ‘ಪೆಪ್ಪರನ ಪ್ರೇತ’ ಎಂಬ ತಂತ್ರವನ್ನು. ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಅದನ್ನು ತೋರಿಸಿದ್ದು 1862ರ ಡಿಸೆಂಬರ್ 24ರಂದು. ಉಪಾಯ ಹೊಳೆದದ್ದು ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರಿಗೆ, ಹೆಸರು ಉಳಿದದ್ದು ಅದನ್ನು ರಂಗಕ್ಕೆ ಒಗ್ಗಿಸಿದ ಜಾನ್ ಹೆನ್ರಿ ಪೆಪ್ಪರನದು. ನಾಟಕಗಳಿಗೆ ಬೆಳಕು ಕೊಡುತ್ತಲೇ ತಲೆ ನರೆಸಿಕೊಂಡ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಐವತ್ತರ ದಶಕವೇ ಬೇಕೆಂದರೆ 1852ಕ್ಕೆ ಬನ್ನಿ. ಆ ವರ್ಷ ಪ್ರಿನ್ಸೆಸ್ ಥಿಯೇಟರಿನಲ್ಲಿ ಚಾರ್ಲ್ಸ್ ಕೀನ್ ಆಡಿದ ನಾಟಕದಲ್ಲಿ ಪ್ರೇತ ನೆಲದೊಳಗಿಂದ ಏಳುತ್ತಲೇ ರಂಗದ ಒಂದು ಬದಿಯಿಂದ ಇನ್ನೊಂದು ಬದಿಗೆ ಜಾರಿಹೋಗುತ್ತಿತ್ತು. ಆದರೆ ಅದು ಮೈಯುಳ್ಳ ನಟ, ಕತ್ತಿ ತಗುಲಿದರೆ ರಕ್ತ ಬರುತ್ತದೆ. ನಾನಾಗಿದ್ದರೆ 1863ನ್ನೇ ಹಿಡಿಯುತ್ತಿದ್ದೆ.

ಏಕೆಂದರೆ ಆ ತಂತ್ರದಲ್ಲಿ ನಿಮಗೆ ಬೇಕಾದ ಭಯವೆಲ್ಲ ಇದೆ. ರಂಗದ ಮುಂಭಾಗದಲ್ಲಿ ಪ್ರೇಕ್ಷಕರ ಕಡೆಗೆ ವಾಲಿಸಿ ನಿಲ್ಲಿಸಿದ ದೊಡ್ಡ ಗಾಜಿನ ಹಾಳೆ. ಅದರ ಕೆಳಗೆ, ಪ್ರೇಕ್ಷಕರ ಕಣ್ಣಿಗೆ ಬೀಳದ ಹಳ್ಳದಲ್ಲಿ, ಪ್ರೇತದ ವೇಷದ ನಟ. ಗಾಜು ವಾಲಿರುವುದರಿಂದ ಅವನೂ ವಾಲಿಯೇ ಇರಬೇಕು, ಸುತ್ತಲೂ ಕಪ್ಪು ಬಟ್ಟೆ. ಅವನ ಮೇಲೆ ಸುಣ್ಣದ ದೀಪದ ಬೆಳಕು ಬಿದ್ದಾಗ ಗಾಜಿನಲ್ಲಿ ಮೂಡುವ ಪ್ರತಿಬಿಂಬ ರಂಗದ ಮೇಲೆ ನಿಂತಂತೆ ಕಾಣುತ್ತದೆ, ಬೆಳಕು ತಗ್ಗಿಸಿದರೆ ಕರಗುತ್ತದೆ. ಇನ್ನು ಆ ದೀಪವೇನು ಸಾಧುವೇ? ಆಮ್ಲಜನಕ, ಜಲಜನಕಗಳ ಜ್ವಾಲೆಯಲ್ಲಿ ಸುಣ್ಣದ ತುಂಡನ್ನು ಕಾಯಿಸಬೇಕು. ಅನಿಲ ತುಂಬಿದ ಚೀಲಗಳ ಮೇಲೆ ಭಾರ ಹೇರಿ ಒತ್ತಡ ಕೊಡುತ್ತಿದ್ದರು. ಆ ಹಳ್ಳದಲ್ಲಿ ದೀಪ ಕಾಯುವವನೊಬ್ಬನನ್ನು ನಿಮ್ಮ ಕಥೆಗೆ ದಯವಿಟ್ಟು ಸೇರಿಸಿಕೊಳ್ಳಿ. ಬೆಂಕಿ ಆಗಿನ ರಂಗದವರ ನಿತ್ಯದ ಭಯವಾಗಿತ್ತು. 1844ರ ಡಿಸೆಂಬರಿನಲ್ಲಿ ಡ್ರೂರಿ ಲೇನ್ ರಂಗಮಂದಿರದಲ್ಲಿ ನರ್ತಕಿ ಕ್ಲಾರಾ ವೆಬ್‌ಸ್ಟರಳ ಉಡುಪಿಗೆ ಪ್ರದರ್ಶನದ ನಡುವೆಯೇ ದೀಪದ ಕಿಡಿ ಹತ್ತಿತು. ಮೂರು ದಿನಕ್ಕೆ ಅವಳು ತೀರಿಕೊಂಡಳು.

ಪ್ರೇತದ ಬಾಯಿ ಮಾತ್ರ ಮುಚ್ಚಿಸಿ. ಹಳ್ಳದಲ್ಲಿರುವವನ ಮಾತು ಸಭೆಗೆ ಸರಿಯಾಗಿ ಕೇಳುವುದಿಲ್ಲ. ಕೊಲೆಗಾರನ ಹೆಸರು ಹೇಳಿಸುವುದು ಹೇಗಿದ್ದರೂ ಸೋಮಾರಿ ಉಪಾಯ, ಬೇಸರ ಮಾಡಿಕೊಳ್ಳಬೇಡಿ. ಬದಲಿಗೆ ಇದನ್ನು ಯೋಚಿಸಿ: ಪ್ರತಿಬಿಂಬ ಕಾಣುವುದು ಸಭೆಯಲ್ಲಿ ಕುಳಿತವರಿಗೆ ಮಾತ್ರ. ಗಾಜಿನ ಆಚೆ, ರಂಗದ ಮೇಲೆ ನಿಂತ ನಾಯಕನಿಗೆ ಏನೂ ಕಾಣದು. ನೆಲದ ಮೇಲಿನ ಗುರುತು ನೋಡಿಕೊಂಡು ಅವನು ಬರಿಯ ಗಾಳಿಗೆ ಕತ್ತಿ ಬೀಸುತ್ತಾನೆ, ಇಡೀ ಸಭೆ ಚೀರುತ್ತದೆ.

ನಿಮ್ಮ ನಾಯಕ ನಲವತ್ತು ರಾತ್ರಿ ಹೀಗೆಯೇ ಬೀಸಲಿ. ನಲವತ್ತೊಂದನೆಯ ರಾತ್ರಿ ಆ ಗುರುತಿನ ಮೇಲೆ ಯಾರೋ ನಿಂತಿರುವುದು ಅವನಿಗೆ ಕಾಣಲಿ, ಸಭೆಯಲ್ಲಿ ಒಬ್ಬರೂ ಚೀರದಿರಲಿ.