ಅಪ್ಪನ ವೆಂಟಿಲೇಟರ್ ನಿರ್ಧಾರ ಫೋನಿನಲ್ಲಿ ಆಗಬೇಕಾ?

ನೀವು ಕೇಳಿದ್ದು ಎರಡು ಮಾತು. ದಾವಣಗೆರೆಯಲ್ಲಿರುವ ಅಪ್ಪನ ಹೃದಯ ತೀರಾ ಸೋತಿದೆ, ನಾಳೆ ವೆಂಟಿಲೇಟರ್ ಮಾತು ಬಂದರೆ ಇಂಗ್ಲೆಂಡಿನಲ್ಲಿ ಕೂತು ಹೇಗೆ ತೀರ್ಮಾನ ಮಾಡೋದು? ಅವರನ್ನು ಇಲ್ಲಿಗೇ ಕರೆಸಿಕೊಳ್ಳಬಹುದಾ?

ಎರಡನೆಯದು ಬಿಟ್ಟುಬಿಡಿ. ಹೊಸದಾಗಿ ಕೆಲಸದ ವೀಸಾದಲ್ಲಿ ಬಂದವರಿಗೆ ತಂದೆತಾಯಿಯನ್ನು ಕಾಯಂ ಕರೆಸುವ ದಾರಿ ಇಲ್ಲ. ಇಲ್ಲೇ ನೆಲೆಸಿದವರಿಗೂ 2012ರಿಂದ ನಿಯಮ ತುಂಬಾ ಬಿಗಿ.

ಮೊದಲನೆಯದಕ್ಕೆ, ಇಲ್ಲಿ ಹೇಗೆ ಅಂತ ನೋಡಿ. 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಪ್ರಕಾರ ರೋಗಿಗೆ ಅರ್ಥ ಮಾಡಿಕೊಂಡು ನಿರ್ಧರಿಸುವ ಶಕ್ತಿ ಇರುವ ತನಕ ಅವರದೇ ಮಾತು. ಮಗ, ಹೆಂಡತಿ ಅನ್ನುವ ಕಾರಣಕ್ಕೇ ಯಾರಿಗೂ ಸಹಿ ಹಾಕುವ ಹಕ್ಕು ಬರಲ್ಲ. ತನ್ನ ಪರವಾಗಿ ನಿರ್ಧರಿಸಲಿ ಅಂತ ರೋಗಿಯೇ ಮೊದಲೇ ಅಧಿಕಾರಪತ್ರ ಮಾಡಿಟ್ಟಿದ್ದರೆ ಮಾತ್ರ ಬರುತ್ತದೆ. ಇಲ್ಲದಿದ್ದರೆ ಸಾಮಾನ್ಯವಾಗಿ ವೈದ್ಯರೇ ನಿರ್ಧರಿಸುತ್ತಾರೆ. ಮನೆಯವರನ್ನು ಕರೆದು, ರೋಗಿಗೆ ಮಾತು ಬರುತ್ತಿದ್ದರೆ ಏನು ಹೇಳುತ್ತಿದ್ದರು ಅಂತ ಕೇಳುತ್ತಾರೆ. ಹೊಸಬರಿಗೆ ಇದು ಒರಟು ಅನ್ನಿಸುತ್ತದೆ. ನನಗೆ ಈಗ ಇದೇ ಸರಿ ಅನ್ನಿಸುತ್ತದೆ.

ನಮ್ಮ ಕಡೆ ರಿಪೋರ್ಟ್ ಮೊದಲು ಬರೋದೇ ಮಗನ ವಾಟ್ಸಾಪಿಗೆ. "ಅಪ್ಪನಿಗೆ ಹೇಳಬೇಡಿ, ಎದೆ ಒಡ್ಕೊಳ್ತಾರೆ" ಅಂತ ಎಲ್ಲರೂ ಸೇರಿ ಮುಚ್ಚಿಡುತ್ತಾರೆ. ಆಮೇಲೆ ಬಿಲ್ ಕಟ್ಟುವವರ ಮಾತಿಗೆ ತೂಕ ಜಾಸ್ತಿ. ಅಂದರೆ ನಿಮ್ಮ ಮಾತಿಗೆ. "ಎಷ್ಟಾದರೂ ಆಗಲಿ, ಎಲ್ಲಾ ಮಾಡಿ" ಅಂತ ಇಲ್ಲಿಂದ ಹೇಳೋದು ಸುಲಭ, ಅಲ್ವಾ? ಗಂಟಲಿಗೆ ಕೊಳವೆ ಹಾಕಿಸಿಕೊಳ್ಳೋದು ಅಪ್ಪ. ಐಸಿಯು ಹೊರಗೆ ರಾತ್ರಿಯೆಲ್ಲಾ ಕೂರೋದು ನಿಮ್ಮ ಅಕ್ಕ. ದೂರದ ಮಕ್ಕಳ ಈ ಹಠದ ಬಗ್ಗೆ ವೈದ್ಯರು 1991ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದಾರೆ. ನಮ್ಮವರದೊಂದೇ ಕಾಯಿಲೆ ಅಲ್ಲ ಇದು.

ಅಪ್ಪ ಇನ್ನೂ ಚೆನ್ನಾಗಿ ಮಾತಾಡುತ್ತಾರೆ ಅಂದಿದ್ದೀರಿ. ಹಾಗಾದರೆ ಅವರನ್ನೇ ಕೇಳಿ. ಸಾವಿನ ಮಾತು ಎತ್ತೋದು ಬೇಡ. "ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಏನು ಬೇಕು, ಏನು ಬೇಡ?" ಅಂದರೆ ಸಾಕು. ಬಹಳ ಹಿರಿಯರು ಈ ಪ್ರಶ್ನೆಗೇ ಕಾಯುತ್ತಿರುತ್ತಾರೆ.

ಅವರು ಹೇಳಿದ್ದನ್ನು ಬರೆಸಿಡಿ. ಇಂಥ ಪತ್ರಕ್ಕೆ ಭಾರತದ ಸುಪ್ರೀಂ ಕೋರ್ಟ್ 2018ರಲ್ಲೇ ಮಾನ್ಯತೆ ಕೊಟ್ಟಿದೆ. 2023ರಲ್ಲಿ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ಚಿಕಿತ್ಸೆ ನಿಲ್ಲಿಸುವ ಮಾತು ಬಂದಾಗ ವೈದ್ಯರ ಎರಡು ಮಂಡಳಿಗಳು ನೋಡಬೇಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ಅಪ್ಪನ ಪರವಾಗಿ ಮಾತಾಡುವವರು ಯಾರು ಅಂತಲೂ ಆ ಪತ್ರದಲ್ಲಿ ಬರೆಯಬಹುದು. ಅಪ್ಪ ಒಪ್ಪಿದರೆ ಅಲ್ಲಿ ಅಕ್ಕನ ಹೆಸರೇ ಮೊದಲು ಇರಲಿ, ನಿಮ್ಮದು ಆಮೇಲೆ.